ಗ್ರಹಣಕ್ಕೆ ಹೊಸ ಕಿರಣವಿಲ್ಲ

ಗ್ರಹಣವೆಂದರೆ ಸಾಕು, ನಮ್ಮ ಮೊಹಲ್ಲಾಗಳಲ್ಲೂ ಬಸುರಿ ಸೊಸೆಗೆ ಚಾಕು ಮುಟ್ಟಬೇಡ, ಮಗುವಿನ ತುಟಿ ಸೀಳೀತು ಎನ್ನುತ್ತೇವೆ. ಅನ್ನ ನೀರು ಬಿಡಿಸಿ ಕತ್ತಲ ಕೋಣೆಯಲ್ಲಿ ಮಲಗಿಸುತ್ತೇವೆ. ವಿಷದ ಕಿರಣ ಸುರಿಯುತ್ತದಂತೆ! ಸೂರ್ಯ ಅಂದು ಹೊಸ ಕಿರಣವನ್ನೇನೂ ಬಿಡುವುದಿಲ್ಲ. ಚಂದ್ರ ಅಡ್ಡ ಬಂದು ಇದ್ದ ಬೆಳಕನ್ನೇ ತಡೆಯುತ್ತಾನೆ. ಅಪಾಯವಿರುವುದು ಬರಿಗಣ್ಣಿಗೆ. ಬೆಳಕು ಮಂದವಾದಾಗ ದಿಟ್ಟಿಸುವುದು ಸುಲಭ, ಕಣ್ಣಿನ ಒಳಪರದೆ ಸುಟ್ಟರೂ ನೋವು ತಿಳಿಯದು. ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು ಸಾಲವು. ರಟ್ಟಿನಲ್ಲಿ ಸೂಜಿಯಷ್ಟು ತೂತು ಮಾಡಿ ಗೋಡೆಯ ಮೇಲೆ ಬಿಂಬ ಬೀಳಿಸಿದರೆ ಬಸುರಿಯೂ ನಿಶ್ಚಿಂತೆಯಿಂದ ನೋಡಬಹುದು.

ಪ್ರವಾದಿ(ಸ)ಯವರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಸಾವಿಗಾಗಿಯೇ ಸೂರ್ಯ ಮಂಕಾದ ಎಂದರು ಜನ. ಯಾರ ಸಾವಿಗೂ, ಯಾರ ಹುಟ್ಟಿಗೂ ಗ್ರಹಣ ಹಿಡಿಯುವುದಿಲ್ಲವೆಂದು ತಿದ್ದಿದವರು ದುಃಖದಲ್ಲಿದ್ದ ಆ ತಂದೆಯೇ. ಗ್ರಹಣದ ನಮಾಝಿಗೆ ನಿಲ್ಲುವ ನಾವು ಈ ಮಾತನ್ನೇಕೆ ಮರೆತೆವು?

2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾದೀತೆಂಬ ಆಸೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಹೆತ್ತವರನ್ನು ನೋಡಿ ನಕ್ಕು ಫಲವಿಲ್ಲ. ಬಸುರಿಯರನ್ನು ಹಸಿವಿನಲ್ಲಿ ಕೂರಿಸುವುದನ್ನು ಮೊದಲು ನಮ್ಮ ಮನೆಗಳಲ್ಲಿ ನಿಲ್ಲಿಸೋಣ.