ಆರಿದ ದೀಪಗಳ ಅಂಗಳ

ಅಮೆರಿಕದ ನೆವಾಡ ಮರುಭೂಮಿಯಲ್ಲಿರುವ ಲಾಸ್ ವೇಗಾಸ್ ನಗರವು ಇರುಳನ್ನೇ ಅರಿಯದ ಊರೆಂದು ಪ್ರಸಿದ್ಧವಾಗಿದೆ. ಆದರೆ ಅಲ್ಲಿಯ ದೀಪಗಳಿಗೂ ಮುಪ್ಪುಂಟು. ಹಳೆಯ ಹೋಟೆಲುಗಳೂ ಜೂಜುಕಟ್ಟೆಗಳೂ ನೆಲಕ್ಕುರುಳಿದಂತೆ ಅವುಗಳ ಹಣೆಯ ಮೇಲೆ ಹೊಳೆಯುತ್ತಿದ್ದ ನಿಯಾನ್ ಫಲಕಗಳು ಅನಾಥವಾದವು. 1996ರಲ್ಲಿ ಸ್ಥಾಪಿತವಾದ ನಿಯಾನ್ ವಸ್ತುಸಂಗ್ರಹಾಲಯವು ಅಂತಹವುಗಳಿಗೆ ಆಶ್ರಯವಿತ್ತಿದೆ. 2007ರಲ್ಲಿ ನೆಲಸಮವಾದ ಸ್ಟಾರ್‌ಡಸ್ಟ್ ಹೋಟೆಲಿನ ಅಕ್ಷರಗಳು ಅಲ್ಲಿವೆ. ಸಂಗ್ರಹಾಲಯದ ಪ್ರವೇಶಮಂದಿರವೂ ಒಬ್ಬ ನಿರಾಶ್ರಿತನೇ! 1961ರ ಲಾ ಕೊಂಚಾ ಮೋಟೆಲಿನ ಚಿಪ್ಪಿನಾಕಾರದ ಮೊಗಸಾಲೆಯನ್ನು ತುಂಡುತುಂಡಾಗಿ ಕತ್ತರಿಸಿ ತಂದು ಇಲ್ಲಿ ಮರಳಿ ಜೋಡಿಸಿದ್ದಾರೆ.

ಹಗಲಿನಲ್ಲಿ ಇದು ಬಹುಮಟ್ಟಿಗೆ ತುಕ್ಕು, ಒಡೆದ ಬಲ್ಬು, ಬಣ್ಣಗೆಟ್ಟ ತಗಡುಗಳ ರಾಶಿ. ಗಾಜಿನ ಕೊಳವೆಗಳನ್ನು ಉರಿಯಲ್ಲಿ ಕಾಯಿಸಿ ಕೈಯಿಂದಲೇ ಬಾಗಿಸಬೇಕಾಗಿರುವುದರಿಂದ ದುರಸ್ತಿಯು ಬಹು ದುಬಾರಿಯ ಕೆಲಸ.

2018ರಲ್ಲಿ ಕ್ರೇಗ್ ವಿನ್ಸ್‌ಲೋ ಎಂಬ ಕಲಾವಿದನು ಉತ್ತರದ ಅಂಗಳದಲ್ಲಿ ಬೇರೊಂದು ಉಪಾಯ ಹೂಡಿದನು. ಫಲಕಗಳ ಛಾಯಾಚಿತ್ರಗಳನ್ನು ನಾನಾ ಕೋನಗಳಿಂದ ತೆಗೆದು ಕಂಪ್ಯೂಟರಿನಲ್ಲಿ ಅವುಗಳ ಪ್ರತಿರೂಪವನ್ನು ಕಟ್ಟಿ, ಅದರ ಮೇಲೆ ಹಿಂದಿನ ಬೆಳಕನ್ನು ಚಿತ್ರವಾಗಿ ಬರೆದು, ಪ್ರೊಜೆಕ್ಟರುಗಳಿಂದ ಆಯಾ ಫಲಕದ ಮೇಲೆಯೇ ಬೀರಲಾಯಿತು. ಸಂಗೀತದೊಡನೆ ಸುಮಾರು 40 ಫಲಕಗಳು ಕಣ್ತೆರೆದವು. ಒಂದು ತಂತಿಯನ್ನೂ ಜೋಡಿಸಿರಲಿಲ್ಲ. ತುಕ್ಕಿನ ಕಣವೂ ಅಲುಗಿರಲಿಲ್ಲ.

ಬಣ್ಣದ ಗೆರೆ ಎಳೆದ ಮಾತ್ರಕ್ಕೆ ಅದು ನಿಯಾನ್ ಆಗದು. ಶುದ್ಧ ನಿಯಾನ್ ಅನಿಲವು ಕೊಡುವುದು ಕೆಂಗಿತ್ತಳೆಯೊಂದನ್ನೇ. ನೀಲಿಗೆ ಆರ್ಗಾನಿನೊಡನೆ ಪಾದರಸದ ಆವಿ ಬೇಕು. ಕೊಳವೆಯ ಪ್ರಭೆ ಹಿಂದಿನ ತಗಡಿನ ಮೇಲೆ ಚೆಲ್ಲಿ, ದೂರ ಸರಿದಂತೆ ಮಸುಳುತ್ತದೆ. ಎದುರಿನಿಂದ ಬರುವ ಪ್ರೊಜೆಕ್ಟರಿನ ಬೆಳಕಿಗೆ ಆ ಗುಣವಿಲ್ಲವಾಗಿ, ಪ್ರಭೆಯನ್ನೂ ಚಿತ್ರದಲ್ಲಿಯೇ ಬರೆಯಬೇಕು. ಅಕ್ಷರಗಳ ನಡುವೆ ಹಾಯುವ ಕೊಳವೆಗೆ ಕಪ್ಪು ಬಳಿದಿರುತ್ತಾರೆ. ಅಲ್ಲಿ ಬೆಳಕು ಕಡಿಯಬೇಕು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಆರುವ ರೀತಿ. ಸ್ವಿಚ್ಚು ತೆಗೆದೊಡನೆ ನಿಯಾನ್ ತಟ್ಟನೆ ಮಾಯವಾಗುತ್ತದೆ. ಪಕ್ಕದ ಹಳೆಯ ಬಲ್ಬಿನ ತಂತಿಯಾದರೋ ಕೆಂಪಗೆ ಒಂದು ಕ್ಷಣ ತಡೆದು ಆರುತ್ತದೆ. ಎರಡನ್ನೂ ಒಂದೇ ಬಗೆಯಾಗಿ ಆರಿಸಿದ ಚಿತ್ರವನ್ನು, ಕಾರಣ ತಿಳಿಯದಿದ್ದರೂ, ಕಣ್ಣು ಒಪ್ಪುವುದಿಲ್ಲ.

ಇದು ಪುನರ್ಜನ್ಮವೋ ಬರಿಯ ಮುಖವಾಡವೋ ಎಂಬ ಶಂಕೆ ನ್ಯಾಯವಾದುದೇ. ಈ ವಿದ್ಯೆಯಿಂದ ಗಾಜು ಬಾಗಿಸುವ ಕುಶಲಿಗೆ ಕೆಲಸ ದೊರೆಯುವುದಿಲ್ಲ. ಆದರೆ ಸಂಗ್ರಹಾಲಯವು ಅವನ ಕೈಯನ್ನು ಮರೆತಿಲ್ಲ. 1955ರಲ್ಲಿ, ವರ್ಣಭೇದದ ಆ ದಿನಗಳಲ್ಲಿ, ಕರಿಯರನ್ನೂ ಬಿಳಿಯರನ್ನೂ ಒಂದೇ ಬಾಗಿಲಿನಿಂದ ಬರಮಾಡಿಕೊಂಡ ಮೂಲ್ಯಾಂ ರೂಜ್ ಹೋಟೆಲು ಕೆಲವೇ ತಿಂಗಳಲ್ಲಿ ಮುಚ್ಚಿಹೋಗಿತ್ತು. ಬೆಟ್ಟಿ ವಿಲಿಸ್ ಎಂಬ ಮಹಿಳೆ ರಚಿಸಿದ ಅದರ ಫಲಕವನ್ನು 2020ರಲ್ಲಿ ನಿಜವಾದ ಗಾಜು, ನಿಜವಾದ ಅನಿಲಗಳಿಂದಲೇ ಮತ್ತೆ ಬೆಳಗಿಸಿದರು.