ಒಂದು ಕಿಟಕಿಗಾಗಿ ಸೇರಿದ ಸಭೆ

ಅಮೆರಿಕದ ಚಾರ್ಲ್ಸ್‌ಟನ್ನಿನ ಹಳೆಯ ಮನೆಗಳ ಬೀದಿ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ನೀವಿನ್ನೂ ಹೊರಗೇ ಇರುತ್ತೀರಿ! ಬಾಗಿಲಿನಾಚೆ ಕೋಣೆಯಿಲ್ಲ, ಉದ್ದನೆಯ ಜಗಲಿಯಿದೆ. ಅದರ ಒಂದು ಮಗ್ಗುಲಿಗೆ ಸಾಲುಗಂಬ, ಕಂಬಗಳಾಚೆ ಕೈತೋಟ. ಮನೆಯೊಳಕ್ಕೆ ಹೋಗುವ ನಿಜವಾದ ಬಾಗಿಲು ಆ ಜಗಲಿಯ ನಡುಮಧ್ಯದಲ್ಲಿರುತ್ತದೆ. ಈ ಮನೆಗಳು ಬೀದಿಗೆ ಮುಖ ಕೊಟ್ಟು ನಿಂತಿಲ್ಲ. ಒಂದೇ ಕೋಣೆಯ ಅಗಲವನ್ನು ಬೀದಿಗೆ ತೋರಿಸಿ, ಉಳಿದ ಮೈಯನ್ನೆಲ್ಲ ನಿವೇಶನದ ಉದ್ದಕ್ಕೆ ಚಾಚಿಕೊಂಡಿವೆ. ಇಂಥ ಮನೆಗೆ ಅಲ್ಲಿಯವರು ಸಿಂಗಲ್ ಹೌಸ್ ಎನ್ನುತ್ತಾರೆ, ಜಗಲಿಗೆ ಪಿಯಾಜಾ. ಜಗಲಿ ಸಾಮಾನ್ಯವಾಗಿ ದಕ್ಷಿಣಕ್ಕೋ ಪಶ್ಚಿಮಕ್ಕೋ ಇರುತ್ತದೆ, ಬಂದರಿನ ಕಡೆಯಿಂದ ಬೀಸುವ ಗಾಳಿ ಸಿಗಲೆಂದು. ನಾನು ಹೋದದ್ದು ಜೂನ್‌ನಲ್ಲಿ. ಮಂಗಳೂರಿನ ಮೇ ತಿಂಗಳಿನಂಥದೇ ಸೆಕೆ. ಪಿಯಾಜಾದಲ್ಲಿ ನಿಂತದ್ದೇ ತಡ, ಬೆವರು ಆರತೊಡಗಿತು. ತಲೆಯೆತ್ತಿ ನೋಡಿದರೆ ಚಾವಣಿಗೆ ತಿಳಿನೀಲಿ ಬಣ್ಣ. ದೆವ್ವಗಳು ಹತ್ತಿರ ಸುಳಿಯದಂತೆ ಬಳಿಯುವ ನೀಲಿಯಂತೆ ಅದು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಪೀಳಿಗೆಯಾದ ಗಲ್ಲಾ ಜನರಿಂದ ಊರಿಗೆಲ್ಲ ಹಬ್ಬಿದ ನಂಬಿಕೆ.

ಗೋಡೆಗಳ ಮೇಲೆ ಅಲ್ಲಲ್ಲಿ ಕಬ್ಬಿಣದ ಬಿಲ್ಲೆಗಳಿವೆ. ಕೆಲವು ದುಂಡಗೆ, ಕೆಲವು ನಕ್ಷತ್ರದ ಆಕಾರದಲ್ಲಿ. ಅಲಂಕಾರವಿರಬೇಕು ಎಂದು ದಾಟಿಹೋಗುವಷ್ಟು ಚೆಂದ. 1886ರ ಆಗಸ್ಟ್ 31ರ ರಾತ್ರಿ ಭೂಕಂಪವಾಗಿ ಊರಿನ ಗೋಡೆಗಳೆಲ್ಲ ಬಿರುಕು ಬಿಟ್ಟವು. ಆಮೇಲೆ ಒಂದು ಗೋಡೆಯಿಂದ ಎದುರು ಗೋಡೆಗೆ ಕಬ್ಬಿಣದ ಸರಳು ಹಾಯಿಸಿ, ಎರಡೂ ತುದಿಯಲ್ಲಿ ಬಿಲ್ಲೆ ಕೂರಿಸಿ ಬಿಗಿದರು. ಆ ಬಿಲ್ಲೆಗಳನ್ನು ಒಮ್ಮೆ ಗುರುತಿಸಿದ ಮೇಲೆ ಬೀದಿ ತುಂಬ ಕಣ್ಣಿಗೆ ಬೀಳುವುದು ಅವೇ.

ಹೊಸದನ್ನು ಕಟ್ಟುವ ಭರದಲ್ಲಿ ಹಳೆಯದನ್ನು ಕೆಡವಿದ ದೇಶದಲ್ಲಿ ಇಷ್ಟೊಂದು ಹೇಗೆ ಉಳಿಯಿತು? ಮೊದಲ ಕಾರಣ ಬಡತನ. ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡು ಹಾರಿದ್ದು 1861ರಲ್ಲಿ, ಈ ಊರಿನ ಬಂದರಿನಲ್ಲೇ. ಯುದ್ಧ ಮುಗಿದಾಗ ಊರಿನ ಕೈ ಬರಿದಾಗಿತ್ತು. ಹೊಸ ಮನೆ ಕಟ್ಟಲು ಹಣವಿಲ್ಲದವರು ಹಳೆಯ ಮನೆಯಲ್ಲೇ ಇದ್ದರು. ಎರಡನೆಯ ಕಾರಣ ಕಾರು ಬಂದ ಮೇಲೆ ಹುಟ್ಟಿತು. ಕಾರಿನ ಹಿಂದೆಯೇ ಪೆಟ್ರೋಲ್ ಬಂಕ್‌ಗಳು ಬಂದವು, ಬಂಕ್‌ಗಳಿಗೆ ಮೂಲೆ ನಿವೇಶನಗಳು ಬೇಕಾದವು. 1803ರ ಜೋಸೆಫ್ ಮ್ಯಾನಿಗೋ ಮನೆ ನೆಲಸಮವಾಗುವ ಸುದ್ದಿ ಹಬ್ಬಿದಾಗ, ಮನೆ ನಿವೇಶನಗಳ ವ್ಯವಹಾರ ಮಾಡುತ್ತಿದ್ದ ಸೂಸನ್ ಪ್ರಿಂಗಲ್ ಫ್ರಾಸ್ಟ್ ಎಂಬ ಹೆಣ್ಣುಮಗಳು 1920ರಲ್ಲಿ ಸಮಾನಮನಸ್ಕರನ್ನು ಸೇರಿಸಿ ಸಂಘ ಕಟ್ಟಿದಳು. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದವಳೂ ಅವಳೇ. ಮನೆಯೇನೋ ಉಳಿಯಿತು, ಆದರೆ ಸಾಲದ ಒತ್ತಡದಲ್ಲಿ ಅದರ ಕೈತೋಟವನ್ನು ಸ್ಟ್ಯಾಂಡರ್ಡ್ ಆಯಿಲ್ ಕಂಪನಿಗೆ ಮಾರಬೇಕಾಯಿತು. ಹೂವಿದ್ದ ಜಾಗದಲ್ಲಿ ಪೆಟ್ರೋಲ್ ಬಂಕ್ ಬಂತು. ಇಂದು ಮನೆ ಚಾರ್ಲ್ಸ್‌ಟನ್ ಮ್ಯೂಸಿಯಮ್ಮಿನದು. ಅದರ ಒಳಮೆಟ್ಟಿಲು ಸುತ್ತಿಕೊಂಡು ಮೇಲೇರುವ ಬಗೆ ನೋಡುತ್ತ ನಾನು ಎಷ್ಟು ಹೊತ್ತು ನಿಂತೆನೋ.

ಒಂದೊಂದೇ ಮನೆಯನ್ನು ಕೊಂಡು ಉಳಿಸುತ್ತ ಹೋದರೆ ಹಣವೂ ಸಾಲದು, ಆಯುಷ್ಯವೂ ಸಾಲದು ಎಂಬುದು ಆ ಜನಕ್ಕೆ ಬೇಗ ತಿಳಿಯಿತು. ಅಮೆರಿಕದಲ್ಲಿ ಹಿಂದೆ ಎಲ್ಲೂ ಇರದಿದ್ದ ಕಾನೂನೊಂದನ್ನು ನಗರಸಭೆ 1931ರಲ್ಲಿ ಮಾಡಿತು. ಹಳೆಯ ಬಡಾವಣೆಗೆ ಗಡಿ ಗುರುತಿಸಿ, ಅದರೊಳಗಿನ ಕಟ್ಟಡದ ಹೊರಮೈಯನ್ನು ಬದಲಿಸಬೇಕಾದರೆ ಬೋರ್ಡ್ ಆಫ್ ಆರ್ಕಿಟೆಕ್ಚರಲ್ ರಿವ್ಯೂ ಒಪ್ಪಬೇಕು ಎಂದಿತು. ಊರವರ ಬಾಯಲ್ಲಿ ಅದು ಬಿಎಆರ್. ಮೊದಲಿಗೆ ಅದಕ್ಕೆ ಪೂರ್ತಿ ಹಲ್ಲು ಬಂದಿರಲಿಲ್ಲ. ಕೆಡವುವವರನ್ನು ತಡೆಯುವ ಪೂರ್ತಿ ಅಧಿಕಾರ ಸಿಕ್ಕಿದ್ದು 1966ರಲ್ಲಿ. ಇಂದು ಆ ದೇಶದ ಎರಡು ಸಾವಿರಕ್ಕೂ ಹೆಚ್ಚು ಕಡೆ ಇಂಥ ಸಮಿತಿಗಳಿವೆ. ಮನೆಯ ಒಳಗೆ ಗೋಡೆ ಒಡೆಯಿರಿ, ಅಡುಗೆಮನೆ ಬದಲಿಸಿ, ಬೋರ್ಡು ಕೇಳುವುದಿಲ್ಲ. ಬೀದಿಯಲ್ಲಿ ನಡೆಯುವವನ ಕಣ್ಣಿಗೆ ಬೀಳುವುದನ್ನು ಮಾತ್ರ ಕೇಳುತ್ತದೆ.

ಈ ಬೋರ್ಡಿನ ಸಭೆಗಳಿಗೆ ಯಾರು ಬೇಕಾದರೂ ಹೋಗಬಹುದು ಎಂದು ತಿಳಿದು ಹೋಗಿ ಕೂತೆ. ನನ್ನ ಇಡೀ ಪ್ರವಾಸದಲ್ಲಿ ನನ್ನನ್ನು ಬೆರಗಾಗಿಸಿದ್ದು ಆ ಸಂಜೆ. ಒಬ್ಬರು ಬೀದಿ ಬದಿಯ ಮರದ ಕಿಟಕಿಗಳನ್ನು ತೆಗೆದು ವಿನೈಲ್ ಕಿಟಕಿ ಹಾಕಲು ಅರ್ಜಿ ಕೊಟ್ಟಿದ್ದರು. ಪರದೆಯ ಮೇಲೆ ಕಿಟಕಿಯ ಚಿತ್ರ ಬಂತು. ಅದರ ಕೆಳಚೌಕಟ್ಟು ಲಡ್ಡಾಗಿದೆಯೇ, ಪಟ್ಟಿಗಳು ಗಟ್ಟಿಯಿವೆಯೇ, ಎಷ್ಟು ಭಾಗ ರಿಪೇರಿಯಾದೀತು ಎಂದು ಒಬ್ಬೊಬ್ಬರೇ ಕೇಳುತ್ತ ಹೋದರು. ನೆರೆಮನೆಯ ವೃದ್ಧೆಯೊಬ್ಬರು ಎದ್ದು, ಆ ಕಿಟಕಿಯನ್ನು ತಮ್ಮ ಅಡುಗೆಮನೆಯಿಂದ ದಿನವೂ ನೋಡುವುದಾಗಿ ಹೇಳಿದರು. ಅರ್ಜಿದಾರರು ಖರ್ಚಿನ ಲೆಕ್ಕ ಮುಂದಿಟ್ಟರು. ಯಾರೂ ದನಿ ಏರಿಸಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. ಒಂದು ಕಿಟಕಿಗೆ ಇಷ್ಟು ಮಂದಿ! ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಬಂಗಲೆಗಳಿಂದ ಮಂಕಿ ಟಾಪ್ ಎಂಬ ಚೂಪು ಮರದ ಮಾಡುಗಳು ಒಂದೊಂದಾಗಿ ಇಳಿದಾಗ ಪಕ್ಕದ ಮನೆಯವರನ್ನು ಕೇಳಿದವರಾರು? ಕಡೆಗೆ ಬೋರ್ಡು ಮುಂದಿನ ಕಿಟಕಿಗಳನ್ನು ರಿಪೇರಿ ಮಾಡಿಸಿ ಎಂದಿತು. ಬೀದಿಗೆ ಕಾಣದ ಹಿಂಬದಿಯಲ್ಲಿ ಅವರ ಇಷ್ಟ.

ಮರುದಿನ ಬೆಳಿಗ್ಗೆ ಕಿಟಕಿ ನೋಡಲೆಂದೇ ಹೊರಟೆ. ಹಳೆಯ ಕಿಟಕಿಯಲ್ಲಿ ಮೇಲೆ ಆರು, ಕೆಳಗೆ ಆರು ಗಾಜುಗಳು. ಒಂದೊಂದನ್ನೂ ಮರದ ಸಣ್ಣ ಪಟ್ಟಿಗಳ ನಡುವೆ ಬೇರೆ ಬೇರೆಯಾಗಿ ಕೂರಿಸಿದ್ದಾರೆ, ಹಾಗಾಗಿ ಯಾವುದೂ ಒಂದೇ ಮಟ್ಟದಲ್ಲಿಲ್ಲ. ಒಂದರಲ್ಲಿ ಮೋಡ ಕಾಣುತ್ತದೆ, ಪಕ್ಕದ್ದರಲ್ಲಿ ಎದುರು ಮನೆಯ ಅಂಚು, ಅದರ ಕೆಳಗಿನದರಲ್ಲಿ ಅಲುಗಾಡುವ ಓಕ್ ಎಲೆ. ಹಳೆಯ ಗಾಜು ಸಣ್ಣಗೆ ಅಲೆಯಲೆಯಾಗಿರುವುದರಿಂದ ನಾನು ಹೆಜ್ಜೆಯಿಟ್ಟಂತೆಲ್ಲ ಬಿಂಬವೂ ಹೊರಳುತ್ತದೆ. ಬಡಾವಣೆಯ ಗಡಿ ದಾಟಿದ ಮೇಲೆ ಒಂದು ಹೊಸ ಕಿಟಕಿ ಸಿಕ್ಕಿತು. ಒಂದೇ ದೊಡ್ಡ ಗಾಜು, ಅದರ ಮೇಲೆ ಅಂಟಿಸಿದ ಸುಳ್ಳು ಪಟ್ಟಿಗಳು. ಅವುಗಳಿಗೆ ನೆರಳೇ ಬೀಳದು. ಇಡೀ ಆಕಾಶ ಒಂದೇ ತುಂಡಾಗಿ ಚಪ್ಪಟೆಯಾಗಿ ಕೂತಿತ್ತು. ಬೋರ್ಡಿನವರು ಅಷ್ಟು ಹೊತ್ತು ಮಾತಾಡಿದ್ದು ಈ ಕಾಲಂಗುಲದ ನೆರಳಿಗಾಗಿ.

ದೊಡ್ಡ ಕಟ್ಟಡವೇಳುವ ಕಡೆ ಇನ್ನೊಂದು ಸೋಜಿಗ ಕಂಡೆ. ನಿವೇಶನದ ಮೂಲೆಯಲ್ಲಿ ಎಲ್ಲಿಗೂ ಸೇರದ ಒಂದು ತುಂಡು ಗೋಡೆ. ಅದಕ್ಕೊಂದು ಕಿಟಕಿ, ಸ್ವಲ್ಪ ಇಟ್ಟಿಗೆ, ಸ್ವಲ್ಪ ಗಿಲಾವು. ಇದಕ್ಕೆ ಮಾಕಪ್ ಎನ್ನುತ್ತಾರೆ. ಇಟ್ಟಿಗೆಯ ಬಣ್ಣ, ಸಂದಿನ ಗಾರೆಯ ದಪ್ಪ ಎಲ್ಲವನ್ನೂ ಬಿಸಿಲಿನಲ್ಲಿ ನೋಡಿ ಒಪ್ಪಿದ ಮೇಲೆಯೇ ಉಳಿದ ಗೋಡೆ ಏಳಬೇಕು. ಹಳೆಯ ಗೋಡೆಗಳ ರಿಪೇರಿಯಲ್ಲಿ ಈ ಗಾರೆಯ ಮಾತು ಇನ್ನೂ ಮುಖ್ಯ. ಕೈಯಲ್ಲಿ ಮಾಡಿದ ಇಟ್ಟಿಗೆ ಮೆತ್ತಗಿರುತ್ತದೆ. ಸಂದಿಗೆ ಸುಣ್ಣದ ಗಾರೆ ತುಂಬಿದರೆ ಗೋಡೆ ಹೀರಿದ ನೀರು ಸಂದಿಯಿಂದಲೇ ಆರಿಹೋಗುತ್ತದೆ. ಸಿಮೆಂಟು ತುಂಬಿದಿರೋ, ನೀರು ಇಟ್ಟಿಗೆಯಲ್ಲೇ ಉಳಿದು ಅದರ ಮುಖವೇ ಪದರಪದರವಾಗಿ ಉದುರುತ್ತದೆ. ಗಾರೆಯ ಗುಣವನ್ನು ಬಲ್ಲ ನಮ್ಮಲ್ಲೂ ಎಷ್ಟು ಹಳೆಯ ಗುಡಿಗಳ ಗೋಡೆಗೆ ಸಿಮೆಂಟು ಮೆತ್ತಿದ್ದೇವೆ!

ಚಾರ್ಲ್ಸ್‌ಟನ್ನಿನ ಆ ಹಳೆಯ ಇಟ್ಟಿಗೆಗಳನ್ನು ಹತ್ತಿರದಿಂದ ನೋಡುವಾಗ ಕೆಲವುಗಳಲ್ಲಿ ಬೆರಳ ಗುರುತುಗಳು ಸಿಕ್ಕವು. ಹಸಿ ಇಟ್ಟಿಗೆಯನ್ನು ಎತ್ತಿದ ಗುಲಾಮರ ಬೆರಳುಗಳು. ಕೆಲವು ತೀರ ಸಣ್ಣವು, ಮಕ್ಕಳವು. ನನ್ನ ಕಿರುಬೆರಳೂ ಆ ಗುಳಿಯಲ್ಲಿ ಹಿಡಿಸಲಿಲ್ಲ. ಈ ಊರಿನ ಚೆಲುವನ್ನು ಹೊಗಳುವ ಯಾರೂ ಆ ಗುಳಿಗಳನ್ನು ಬಿಟ್ಟು ಮಾತಾಡಬಾರದು ಎಂದೇ ನನ್ನ ಅಭಿಪ್ರಾಯ. ಆ ಇಟ್ಟಿಗೆ ಮಾಡಿದವರ ಮೊಮ್ಮಕ್ಕಳಿಗೂ ಊರು ಸಲ್ಲಬೇಕಾದಷ್ಟು ಸಲ್ಲಲಿಲ್ಲ. 1959ರಲ್ಲಿ ಆನ್ಸನ್‌ಬರೋ ಬಡಾವಣೆಯ ಮನೆಗಳನ್ನು ಕೊಂಡು ಉಳಿಸುವ ದೊಡ್ಡ ಕೆಲಸ ಶುರುವಾಯಿತು. ಮನೆಗಳು ಉಳಿದವು, ಅವುಗಳಲ್ಲಿ ಬಾಡಿಗೆಗಿದ್ದ ಎಷ್ಟೋ ಕಪ್ಪು ಕುಟುಂಬಗಳು ಹೊರಬಿದ್ದವು. ಒಂದು ಕಾಲಕ್ಕೆ ನಡು ಊರಿನಲ್ಲಿ ಬಹುಸಂಖ್ಯಾತರಾಗಿದ್ದ ಕಪ್ಪು ಜನ ಇಂದು ಅಲ್ಲಿ ಅಲ್ಪಸಂಖ್ಯಾತರು. ಕಿಟಕಿಗೆ ಸಿಗುವಷ್ಟು ಗಮನ ಬಾಡಿಗೆದಾರನಿಗೂ ಸಿಗಬೇಕಿತ್ತು. ಅದಕ್ಕೆ ಬೇರೆ ಕಾನೂನು ಬೇಕು, ಕಿಟಕಿಯ ಕಾನೂನನ್ನು ಕೈಬಿಟ್ಟರೆ ಅದು ಸಿಗುವುದಿಲ್ಲ.

ಈಗ ಬೋರ್ಡಿನ ಮುಂದಿರುವುದು ನೀರು. ಉಬ್ಬರ ಜೋರಾದ ದಿನ ಮಳೆಯಿಲ್ಲದೆಯೂ ಬೀದಿಗೆ ಉಪ್ಪುನೀರು ಬರುತ್ತದೆ. ಹಳೆಯ ಮನೆಯ ಎತ್ತರ ಬದಲಿಸುವುದೆಂದರೆ ಹಿಂದೆ ಬೋರ್ಡು ಸುಲಭಕ್ಕೆ ಒಪ್ಪುತ್ತಿರಲಿಲ್ಲ. 2015, 2016, 2017 ಹೀಗೆ ಸಾಲಾಗಿ ಮೂರು ವರ್ಷ ನೆರೆ ಬಂದ ಮೇಲೆ ನಿಲುವು ಸಡಿಲಿತು. ಮನೆಯನ್ನು ಹೇಗೆ ಎತ್ತಬೇಕೆಂಬ ಮಾರ್ಗಸೂಚಿ 2019ರಲ್ಲಿ ಬಂತು. ಜ್ಯಾಕ್ ಕೊಟ್ಟು ಇಡೀ ಮನೆಯನ್ನು ಅಡಿಪಾಯದಿಂದ ಬಿಡಿಸಿ ಮೇಲೆತ್ತುತ್ತಾರೆ, ಪಿಯಾಜಾ ಸಮೇತ! ನಾನಿದ್ದ ಸಭೆಯ ಕೊನೆಯ ಅರ್ಜಿ ಅಂಥದೇ. ಎತ್ತಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಹೊಸ ಮೆಟ್ಟಿಲುಗಳು ಕಾಲುದಾರಿಗೆ ಚಾಚಿ ನಡೆಯುವವರಿಗೆ ಅಡ್ಡ ಬರುತ್ತವೆ, ಅಡಿಪಾಯ ಪಕ್ಕದ ಮನೆಯ ಮುಂದೆ ಬರೀ ಬೋಳು ಗೋಡೆಯಾಗಿ ನಿಲ್ಲುತ್ತದೆ ಎಂದಷ್ಟೇ ತಕರಾರು. ಮೆಟ್ಟಿಲನ್ನು ಪಿಯಾಜಾದ ಒಳಕ್ಕೆ ತಿರುಗಿಸಿ, ಅಡಿಪಾಯದಲ್ಲಿ ಗಾಳಿಗಂಡಿಗಳನ್ನು ಬಿಟ್ಟು ಬೇರೆ ನಕ್ಷೆ ತನ್ನಿ ಎಂದು ಅರ್ಜಿಯನ್ನು ಮುಂದಿನ ಸಭೆಗೆ ಹಾಕಿದರು.