ಹಣ್ಣಿಲ್ಲದ ಕಾಲದಲ್ಲಿ ಸೇಬಿನ ಊರಿಗೆ

ಸೇಬಿನ ಊರಿಗೆ ಹೋಗಿ ಮರದಲ್ಲಿ ಒಂದು ಸೇಬನ್ನೂ ಕಾಣದೆ ಬಂದವಳೆಂದು ಮನೆಯಲ್ಲಿ ಇವತ್ತಿಗೂ ನನ್ನನ್ನು ಹಾಸ್ಯ ಮಾಡುತ್ತಾರೆ. ಏನು ಮಾಡೋದು ಹೇಳಿ, ಶಿಮ್ಲಾದ ಬ್ಯಾಂಕಿನಲ್ಲಿದ್ದ ನನ್ನ ತಮ್ಮ ಕರೆದದ್ದೇ 2023ರ ಫೆಬ್ರವರಿ ಕೊನೆಯಲ್ಲಿ!

ಶಿಮ್ಲಾದಿಂದ ನಾರ್ಕಂಡಾ ದಾಟಿ ಥಾನೇದಾರ್‌ಗೆ ಸುಮಾರು 80 ಕಿಲೋಮೀಟರ್. ತಿರುವು ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತಾ ಕೂತಿದ್ದೆ. ಇಳಿದು ನೋಡಿದರೆ ಬೆಟ್ಟದ ತುಂಬ ಎಲೆಯಿಲ್ಲದ ಬೋಳು ಮರಗಳು. ಇದಕ್ಕಾಗಿ ಇಷ್ಟು ದೂರ ಬರಬೇಕಿತ್ತೇ ಅನ್ನಿಸಿತು. ಈ ಸೀಮೆಯಲ್ಲಿ ಸೇಬಿನ ಬೇಸಾಯ ಹಬ್ಬಿಸಿದವರು 1904ರಲ್ಲಿ ಅಮೆರಿಕದಿಂದ ಬಂದು ಇಲ್ಲಿಯವರೇ ಆಗಿಹೋದ ಸ್ಯಾಮ್ಯುಯೆಲ್ ಸ್ಟೋಕ್ಸ್. 1916ರಲ್ಲಿ ತಮ್ಮ ದೇಶದಿಂದ ರೆಡ್ ಡೆಲಿಷಸ್ ಸಸಿ ತರಿಸಿ ನೆಟ್ಟರು. 1932ರಲ್ಲಿ ಹಿಂದೂ ಆಗಿ ಸತ್ಯಾನಂದ ಎಂದು ಹೆಸರಿಟ್ಟುಕೊಂಡರು.

ತಮ್ಮನ ಸ್ನೇಹಿತರ ಮನೆ ಅಲ್ಲೇ. ಅವರ ತಾಯಿ, ಎಪ್ಪತ್ತು ದಾಟಿದವರು, ಹಿತ್ತಲಲ್ಲಿ ಗರಗಸ ಹಿಡಿದು ಹಳೇ ಮರದ ಕೊಂಬೆ ಕೊಯ್ಯುತ್ತಿದ್ದರು. ನನ್ನ ಹೈಸ್ಕೂಲಿನ ಹಿಂದಿಯಲ್ಲಿ, "ಮರ ಕಡೀತಿದ್ದೀರಾ ಮಾತಾಜಿ?" ಅಂದೆ.

"ಕಡಿಯೋದ್ಯಾಕಮ್ಮ? ಜಾತಿ ಬದಲಾಯಿಸ್ತಿದ್ದೀನಿ" ಅಂತ ನಕ್ಕರು.

ನೋಡಿ, ಕೆಲಸ ಇಷ್ಟೇ. ಮರ ಚಳಿಗೆ ನಿದ್ದೆಯಲ್ಲಿರುವಾಗ, ಜನವರಿಯಲ್ಲೇ, ಒಳ್ಳೇ ಮರದಿಂದ ಪೆನ್ಸಿಲ್ ಗಾತ್ರದ ಕಡ್ಡಿ ಕತ್ತರಿಸಿ ಒದ್ದೆ ಮರಳಲ್ಲಿ ತಂಪಾಗಿ ಇಟ್ಟಿರುತ್ತಾರೆ. ಕೊಯ್ದ ಕೊಂಬೆಯ ತುದಿಯನ್ನು ನಡುವೆ ಸೀಳಿ, ಬುಡವನ್ನು ಬೆಣೆಯಂತೆ ಕೆತ್ತಿದ ಎರಡು ಕಡ್ಡಿಗಳನ್ನು ಸೀಳಿನ ಎರಡೂ ಅಂಚಿಗೆ ಸಿಕ್ಕಿಸುತ್ತಾರೆ. ನಡುಮಧ್ಯಕ್ಕಲ್ಲ! ತೊಗಟೆಯ ಒಳಗಿನ ಹಸಿರು ಪದರಕ್ಕೆ ಹಸಿರು ಪದರವೇ ಕೂಡಬೇಕು, ಇಲ್ಲದಿದ್ದರೆ ಕಡ್ಡಿ ಒಣಗಿಹೋಗುತ್ತೆ. ಪ್ಲಾಸ್ಟಿಕ್ ಪಟ್ಟಿ ಬಿಗಿದು, ಮೇಲೆ ಜೇಡಿಮಣ್ಣು, ಸಗಣಿ ಮೆತ್ತಿದರು, ಥೇಟ್ ನಾವು ಒಲೆ ಸಾರಿಸಿದ ಹಾಗೆ. ಮರಕ್ಕೆ ಆಹಾರ ಬೇಕಲ್ಲ, ಅದಕ್ಕೆ ಒಂದು ಕೊಂಬೆಯನ್ನು ಮುಟ್ಟದೆ ಬಿಟ್ಟರು. ಇನ್ನೊಂದು ಕೊಂಬೆಗೆ ಗೋಲ್ಡನ್ ಡೆಲಿಷಸ್ ಕಡ್ಡಿ ಕಟ್ಟಿದರು. ಸೇಬಿಗೆ ತನ್ನದೇ ಜಾತಿಯ ಪರಾಗ ಸಾಲದಂತೆ. ಒಂದೇ ಮರಕ್ಕೆ ಜಾಗವಿರುವ ಹಿತ್ತಲಿಗೆ ಇದು ಜಾಣತನ ಅಲ್ಲವೇ!

ಪಕ್ಕದಲ್ಲಿ ಮರಸೇಬು, ನಾವು ಬೇರಿಕಾಯಿ ಅನ್ನುತ್ತೇವಲ್ಲ, ಅದು. ಅದನ್ನು ಕಟ್ಟಿದ್ದು ಕೈಂಥ್ ಅನ್ನುವ ಕಾಡು ಗಿಡದ ಬೇರಿನ ಮೇಲೆ. ಈ ಮರಕ್ಕೆ ನೆಟ್ಟಗೆ ಆಕಾಶಕ್ಕೆ ಹೋಗುವ ಹಟ. ಎಳೇ ಕೊಂಬೆಗಳಿಗೆ ದಾರದಲ್ಲಿ ಕಲ್ಲು ಕಟ್ಟಿ ಇಳಿಬಿಟ್ಟಿದ್ದರು. ನೆಟ್ಟಗೆ ನಿಂತ ಕೊಂಬೆ ಬರೀ ಎಲೆ ಬಿಡುತ್ತೆ, ಓರೆಯಾಗಿ ಬಾಗಿದ್ದು ಬೇಗ ಹೂ ಬಿಡುತ್ತೆ ಅಂದರು.

ನಾನು ಮಾತಿಲ್ಲದೆ ನಿಂತಿದ್ದೆ. ನಮ್ಮದು ಶ್ರೀನಿವಾಸಪುರ, ಕಸಿ ಮಾವಿನ ಊರು. ಸಸಿಗೆ ಕಸಿ ಕಟ್ಟೋದು ಹುಟ್ಟಿದಾಗಿನಿಂದ ನೋಡಿದ್ದೇನೆ. ಬೆಳೆದ ಮರಕ್ಕೂ ಕಟ್ಟಬಹುದೆಂದು ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಹಿಂದಿನ ವರ್ಷವಷ್ಟೇ, ಹಣ್ಣು ಹುಳಿ, ಎಲೆ ಬಿದ್ದು ಚರಂಡಿ ಕಟ್ಟುತ್ತೆ ಅಂತ, ಮಾವನವರು ನೆಟ್ಟಿದ್ದ ಮರವನ್ನು ಹಟ ಹಿಡಿದು ಕಡಿಸಿದವಳು ನಾನೇ. ಅತ್ತೆ ಒಂದು ಮಾತೂ ಆಡಲಿಲ್ಲ. ಆ ದಿನ ಊಟಕ್ಕೆ ಮಾತ್ರ ಏಳಲಿಲ್ಲ. ಆ ಹುಳಿಕಾಯಿಯ ಉಪ್ಪಿನಕಾಯಿ ವರ್ಷವಾದರೂ ಮೆತ್ತಗಾಗುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಊರಿಗೆ ಬಂದವಳೇ ಬ್ಯಾಗು ಇಳಿಸಿ ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಮೋಟಿನ ಬುಡದಲ್ಲಿ ಎರಡು ಚಿಗುರು ಬಂದಿದ್ದವು. ಮಾವಿಗೆ ಚಳಿಯಲ್ಲ, ಮಳೆಗಾಲ ಬೇಕು. ಜುಲೈನಲ್ಲಿ ನರ್ಸರಿಯ ಹುಡುಗನನ್ನು ಕರೆಸಿದೆ. ಒಂದಕ್ಕೆ ಬಾದಾಮಿ ಕಟ್ಟಿ, ಎರಡನೆಯದಕ್ಕೆ ಚಾಕು ಹಾಕುವಾಗ ಹಿಂದಿನಿಂದ ಅತ್ತೆ ಬಂದು ನಿಂತರು.

"ಅದೊಂದನ್ನ ಹಾಗೇ ಬಿಡ್ಸೇ" ಅಂದರು.

ಬಿಟ್ಟಿದ್ದೇವೆ.